ಆಟದ ಕೋವಿಗೆ ಕಾದಾಟದ ಪಾಠವೇಕೆ?

ಮೈಸೂರಿನವರಾದ ನಮಗೆ ಆಯುಧ ಎಂಬ ಮಾತು ಹೊಸದಲ್ಲ. ಮಹಾನವಮಿಯ ದಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ನಡೆಯುವ ಹೊತ್ತಿಗೆ ನಮ್ಮ ಅಗ್ರಹಾರದ ಮನೆಗಳಲ್ಲಿ ಈಳಿಗೆ ಮಣೆ, ಕತ್ತರಿ, ಹೊಲಿಗೆ ಯಂತ್ರ, ಮಕ್ಕಳ ಸೈಕಲ್ಲು ಎಲ್ಲವೂ ಕುಂಕುಮ ಇಡಿಸಿಕೊಂಡು ಸಾಲಾಗಿ ಕುಳಿತಿರುತ್ತವೆ. ಪೂಜೆ ಎಲ್ಲಕ್ಕೂ ಒಂದೇ. ಕೆಲಸ ಮಾತ್ರ ಬೇರೆ ಬೇರೆ. ಈಳಿಗೆ ಮಣೆಯಿಂದ ಯಾರೂ ರವಿಕೆ ಬಟ್ಟೆ ಕತ್ತರಿಸುವುದಿಲ್ಲ, ಹೊಲಿಗೆಯ ಕತ್ತರಿಯಿಂದ ಹಲಸಿನಕಾಯಿ ಹೆಚ್ಚುವುದಿಲ್ಲ. ಅಡುಗೆಮನೆಯಲ್ಲಿ ಇಷ್ಟು ಚೆನ್ನಾಗಿ ತಿಳಿದಿರುವ ಈ ವಿವೇಕ, ಮಕ್ಕಳ ಕೈಗೆ ಕೋವಿ ಕೊಡುವ ವಿಷಯ ಬಂದಾಗ ಎಲ್ಲಿ ಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಬೇಸಿಗೆ ರಜೆ ಹತ್ತಿರವಾದರೆ ಸಾಕು, ಬೆಳಗಿನ ಪತ್ರಿಕೆಯ ಮಡಿಕೆಯಿಂದ ಬಣ್ಣಬಣ್ಣದ ಕರಪತ್ರಗಳು ಉದುರುತ್ತವೆ. ಮೊದಲು ಚಿತ್ರಕಲೆ, ಈಜು, ಕೀಬೋರ್ಡು ಇದ್ದವು. ಈಗ ಏರ್ ರೈಫಲ್ ಹಿಡಿದ ಮಕ್ಕಳ ಚಿತ್ರವೂ ಸೇರಿಕೊಂಡಿದೆ. ಬರಿಯ ಗುರಿ ಹೊಡೆಯುವ ಆಟ ಎಂದು ಬರೆದಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಆತ್ಮರಕ್ಷಣೆ’, ‘ಕಮಾಂಡೋ’, ‘ಟ್ಯಾಕ್ಟಿಕಲ್ ಟ್ರೈನಿಂಗ್’ ಎಂದೆಲ್ಲ ಇರುತ್ತದೆ. ತಾಯಂದಿರು ಆ ಕಾಗದ ಹಿಡಿದು ಬಂದು, “ಮಿಸ್, ಹುಡುಗಿ ಸ್ವಲ್ಪ ಧೈರ್ಯವಂತೆ ಆಗ್ತಾಳೇನೋ ಅಂತ. ಕಳಿಸಲಾ?” ಎಂದು ಕೇಳುತ್ತಾರೆ. ನಾನು ಒಂದೇ ಮಾತಿನಲ್ಲಿ “ಬೇಡಮ್ಮ” ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಹಳೆಯ ಕಾಲದ ಮೇಷ್ಟರಮ್ಮ, ಹೆಣ್ಣುಮಕ್ಕಳು ಮುಂದೆ ಬರುವುದು ಬೇಡವೆನ್ನುತ್ತಾಳೆ ಎಂದು ಅಂದುಕೊಳ್ಳುತ್ತಾರೆ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಲೇಬೇಕು.

ಸ್ಪರ್ಧೆಯ ರೈಫಲ್ ಎಂದರೇನು ಎಂಬುದನ್ನು ಮೊದಲು ನೋಡಿ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹಾರುವುದು 4.5 ಮಿಲಿಮೀಟರಿನ ಸೀಸದ ಚೂರು. ಗುರಿಹಲಗೆಯ ನಡುವೆ ಹತ್ತು ಅಂಕ ಕೊಡುವ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಗಸಗಸೆ ಕಾಳಿಗಿಂತಲೂ ಸಣ್ಣದು. ರೈಫಲ್ಲಿನ ತೂಕ 5.5 ಕಿಲೋವರೆಗೂ ಇರಬಹುದು. ಮೈಮೇಲೆ ದಪ್ಪ ಕ್ಯಾನ್‌ವಾಸಿನ, ಸೆಟೆದು ನಿಲ್ಲುವಂಥ ಕೋಟು, ಅದೇ ಬಗೆಯ ಪ್ಯಾಂಟು, ಚಪ್ಪಟೆ ಅಟ್ಟೆಯ ಬೂಟು. ಒಂದು ಸಲಕ್ಕೆ ಒಂದೇ ಗುಂಡು. ಹೊಡೆದ ಮೇಲೆ ಮತ್ತೊಂದನ್ನು ಕೈಯಾರೆ ಇಡಬೇಕು. ಒಂದೂಕಾಲು ಗಂಟೆಯಲ್ಲಿ ಅರವತ್ತು ಗುಂಡು. 2018ರವರೆಗೆ ಹೆಂಗಸರಿಗೆ ನಲವತ್ತೇ ಇತ್ತು; ಆಮೇಲೆ ಗಂಡಸರಿಗೂ ಹೆಂಗಸರಿಗೂ ಸಮ ಮಾಡಿದರು. ಕುದುರೆ ಎಷ್ಟು ಹಗುರವೆಂದರೆ ಬೆರಳು ಎಳೆಯುವುದೇ ಬೇಡ, ಒತ್ತಿದರೆ ಸಾಕು. ಹೊಡೆಯುವವಳು ಉಸಿರು ತಡೆದು, ತನ್ನ ಎದೆಬಡಿತ ತನಗೇ ಕೇಳಿಸುವಷ್ಟು ನಿಶ್ಚಲಳಾಗಿ ನಿಲ್ಲಬೇಕು.

ಇದು ಒಂದು ಬಗೆಯ ತಪಸ್ಸು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಂಜಲಿ ಭಾಗವತ್ ಫೈನಲ್ ತಲುಪಿದ್ದು, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು, ಎಲ್ಲವೂ ಈ ಏರ್ ರೈಫಲ್ಲಿನಲ್ಲೇ. 2025ರಲ್ಲಿ ಚೀನಾದ ನಿಂಗ್ಬೋದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ನಮ್ಮ ಕರ್ನಾಟಕದ ಮೇಘನಾ ಸಜ್ಜನರ ಇದೇ ಆಟದಲ್ಲಿ ಕಂಚಿನ ಪದಕ ಪಡೆದರು. ನಮ್ಮ ದೇಶದ ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಹುಟ್ಟಿದಾಗ ಅದರ ಬೆನ್ನಿಗಿದ್ದವರು ಮೊದಲ ಲೋಕಸಭೆಯ ಸ್ಪೀಕರ್ ಆದ ಜಿ.ವಿ. ಮಾವಳಂಕರ್. ಅವರ ಹೆಸರಿನಲ್ಲಿ ಸ್ಪರ್ಧೆಯೂ ನಡೆಯುತ್ತ ಬಂದಿದೆ. ಇಂಥ ಆಟಕ್ಕೆ ನಮ್ಮ ಹೆಣ್ಣುಮಕ್ಕಳು ಹೋಗಲಿ, ಸಂತೋಷ. ಶಾಲೆಯಲ್ಲಿ ಯಾರಾದರೂ ಆಸೆಪಟ್ಟರೆ ಮನೆಯವರೊಡನೆ ಜಗಳವಾಡಿಯಾದರೂ ಕಳಿಸುವವಳು ನಾನು.

ಈಗ ಇನ್ನೊಂದು ಪಾಠವನ್ನು ನೋಡಿ. ಟ್ಯಾಕ್ಟಿಕಲ್ ಎಂಬ ಮಾತು ಸೈನಿಕರದು, ಪೊಲೀಸರದು. ಓಡಬೇಕು, ಗೋಡೆಯ ಮರೆಗೆ ಸರಿಯಬೇಕು, ಎದುರಾಳಿ ಹೊಡೆಯುವುದಕ್ಕೆ ಮುಂಚೆ ತಾನು ಹೊಡೆಯಬೇಕು, ಕತ್ತಲಲ್ಲಿ ಯಾರು ವೈರಿ ಯಾರು ದಾರಿಹೋಕ ಎಂದು ಕ್ಷಣದಲ್ಲಿ ತೀರ್ಮಾನಿಸಬೇಕು. ಇದಕ್ಕೆ ತಿಂಗಳುಗಟ್ಟಲೆ ತರಬೇತಿ ಬೇಕು, ಮೇಲಧಿಕಾರಿ ಬೇಕು. ಗುಂಡು ಹಾರಿಸಿದ ಮೇಲೆ ಏಕೆ ಹಾರಿಸಿದೆ ಎಂದು ಕೇಳುವ ಕಾನೂನೂ ಇದೆ. ಸ್ಪರ್ಧೆಯ ರೈಫಲ್ ಹಿಡಿದು ಇದನ್ನು ಕಲಿಯುವುದು ಹೇಗೆ? ಆ ಕೋಟು ತೊಟ್ಟು ಸರಿಯಾಗಿ ನಡೆಯಲೂ ಬಾರದು, ಓಡುವುದು ದೂರದ ಮಾತು. ಕಣ್ಣಿಟ್ಟು ನೋಡುವ ಆ ಪುಟ್ಟ ತೂತಿನಲ್ಲಿ ಎದುರಿನ ಚುಕ್ಕೆ ಬಿಟ್ಟರೆ ಅಕ್ಕಪಕ್ಕ ಏನೂ ಕಾಣದು. ಒಂದು ಗುಂಡು ತಪ್ಪಿದರೆ ಎರಡನೆಯದನ್ನು ಇಡುವವರೆಗೆ ವೈರಿ ಕಾಯುತ್ತಾನೆಯೆ? ಇನ್ನು ಆ ಹಗುರ ಕುದುರೆ! ನಿಶ್ಚಲವಾಗಿ ನಿಂತವಳಿಗೆ ಅದು ವರ, ಓಡುವವಳ ಕೈಯಲ್ಲಿ ಅದೇ ಅಪಾಯ. ವೀಣೆಯನ್ನು ತಿರುವಿ ಹಿಡಿದು ಬೀಸಿದರೂ ಒಬ್ಬನ ತಲೆ ಒಡೆಯಬಹುದು. ಹಾಗೆಂದು ವೀಣೆಯ ಪಾಠಕ್ಕೆ ಆತ್ಮರಕ್ಷಣೆ ಎಂದು ಬೋರ್ಡು ಹಾಕುತ್ತೇವೆಯೆ?

ಉಪಯೋಗವಿಲ್ಲ ಎಂಬುದಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಿರಬಹುದಿತ್ತು. ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ನಮ್ಮ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಕರೆದರೆ ತಲೆ ತಗ್ಗಿಸುತ್ತಿದ್ದ ಮಗು. ಒಳ್ಳೆಯ ತರಬೇತುದಾರರ ಕೈಯಲ್ಲಿ ಒಂದು ವರ್ಷ ಏರ್ ರೈಫಲ್ ಕಲಿತಳು. ಅವಳ ಅಕ್ಷರ ದುಂಡಗಾಯಿತು, ಪಾಠ ಓದುವಾಗ ಧ್ವನಿ ನಡುಗುವುದು ನಿಂತಿತು. ಮುಂದಿನ ಬೇಸಿಗೆಯಲ್ಲಿ ಯಾರೋ ಹೇಳಿದರೆಂದು ಒಂದು ‘ಟ್ಯಾಕ್ಟಿಕಲ್’ ಶಿಬಿರಕ್ಕೆ ಹೋಗಿ ಬಂದಳು. ಏನಮ್ಮ ಕಲಿತೆ ಎಂದು ಕೇಳಿದೆ. “ಎದೆಗೇ ಹೊಡೀಬೇಕಂತೆ ಮಿಸ್. ತಲೆ ಸಣ್ಣದು, ತಪ್ಪಿ ಹೋಗತ್ತಂತೆ” ಎಂದಳು. ಗುಣಾಕಾರದ ಮಗ್ಗಿ ಒಪ್ಪಿಸುವ ಹಾಗೆ, ಅಷ್ಟೇ ಮುಗ್ಧವಾಗಿ. ಹಲಗೆಯ ಮೇಲೆ ಮನುಷ್ಯನ ಆಕೃತಿ ಅಂಟಿಸಿದ್ದರಂತೆ. ಹದಿಮೂರು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಒಲಿಂಪಿಕ್ಸಿನ ಇಪ್ಪತ್ತೈದು ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಒಂದು ಕಾಲಕ್ಕೆ ಮನುಷ್ಯಾಕೃತಿಯ ಹಲಗೆಗಳೇ ಇದ್ದವು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಹೊತ್ತಿಗೆ ಅವು ಹೋಗಿ ದುಂಡನೆಯ ಗುರಿಗಳು ಬಂದಿದ್ದವು. ಆಧುನಿಕ ಪೆಂಟಾಥ್ಲಾನ್ ಎಂಬ ಕ್ರೀಡೆಯಲ್ಲಂತೂ 2012ರ ಲಂಡನ್ ಒಲಿಂಪಿಕ್ಸ್‌ಗೆ ಗುಂಡನ್ನೇ ಬಿಟ್ಟು ಲೇಸರ್ ಪಿಸ್ತೂಲು ತಂದರು. ಶೂಟಿಂಗ್ ಯುದ್ಧದಿಂದ ಹುಟ್ಟಿದ ಆಟ ಎಂಬುದು ನಿಜ. ಆದರೆ ಅದು ಹೆಜ್ಜೆ ಹೆಜ್ಜೆಯಾಗಿ ಯುದ್ಧದಿಂದ ದೂರ ನಡೆದು ಬಂದಿದೆ. ಜಗತ್ತು ಗುರಿಹಲಗೆಯಿಂದ ಕಿತ್ತು ಹಾಕಿದ ಮನುಷ್ಯನನ್ನು ನಮ್ಮ ಬೇಸಿಗೆ ಶಿಬಿರದವರು ಮತ್ತೆ ತಂದು ಅಂಟಿಸುತ್ತಿದ್ದಾರೆ.

ಮನುಷ್ಯನ ಆಕೃತಿ ಬಂದ ಮೇಲೆ ಅವನಿಗೊಂದು ಮುಖ ಬೇಕಾಗುತ್ತದೆ. ಆ ಮುಖ ಯಾರದು ಎಂದು ಹೇಳಿಕೊಡುವವರಿಗೂ ನಮ್ಮಲ್ಲಿ ಬರವಿಲ್ಲ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಒಂದು ಶಾಲೆಯ ಆವರಣದಲ್ಲಿ ಬಜರಂಗದಳದ ತರಬೇತಿ ಶಿಬಿರ ನಡೆಯಿತು. ಸಾಲಾಗಿ ನಿಂತು ಏರ್‌ಗನ್ ಹಿಡಿದ ಯುವಕರ ಚಿತ್ರಗಳು ರಾಜ್ಯದ ತುಂಬ ಹರಡಿ ದೊಡ್ಡ ಚರ್ಚೆಯಾಯಿತು. ಅದನ್ನು ಸಮರ್ಥಿಸಿದವರು, ಇದು ಬರೀ ಏರ್‌ಗನ್, ಇದಕ್ಕೆ ಪರವಾನಗಿ ಬೇಕಿಲ್ಲ, ಆತ್ಮರಕ್ಷಣೆಗಾಗಿ ಕಲಿಸಿದ್ದು ಎಂದರು. ಪರವಾನಗಿಯ ಮಾತು ಸುಳ್ಳಲ್ಲ. 2016ರ ಆಯುಧ ನಿಯಮಗಳ ಕಾಲದಿಂದ 20 ಜೌಲ್ ಶಕ್ತಿ ಮೀರದ 4.5 ಮಿ.ಮೀ. ಏರ್ ರೈಫಲ್ಲಿಗೆ ಪರವಾನಗಿಯ ಗೊಡವೆ ಇಲ್ಲ. ಆದರೆ ಆ ರಿಯಾಯಿತಿಯಿಂದ ಅನುಕೂಲವಾಗಬೇಕಾದದ್ದು ಕ್ರೀಡಾಪಟುಗಳಿಗೆ. ಆಟದ ಬಾಗಿಲಿನಿಂದ ಒಳಗೆ ಬಂದು ಕಾದಾಟದ ಪಾಠ ಹೇಳುವುದು ಕಾನೂನಿನ ಕಣ್ಣಿಗೆ ತಪ್ಪಿಸಿಕೊಂಡರೂ ತಾಯಂದಿರ ಕಣ್ಣಿಗೆ ತಪ್ಪಿಸಿಕೊಳ್ಳಬಾರದು. ನಾನು ಯಾವ ಪಕ್ಷದವಳೂ ಅಲ್ಲ. ಬಾವುಟದ ಬಣ್ಣ ಯಾವುದೇ ಇರಲಿ, ಶಿಬಿರ ಯಾರದೇ ಇರಲಿ, ಇದೇ ಮಾತು. ಮಕ್ಕಳು ಅ ಆ ಇ ಈ ತಿದ್ದುವ ಅಂಗಳದಲ್ಲಿ ವೈರಿಯನ್ನು ಹೊಡೆಯುವ ಪಾಠ ಕೂಡದು.

ಇದಕ್ಕೆ ಉತ್ತರವಾಗಿ ಕೊಡಗಿನವರ ಉದಾಹರಣೆ ಕೊಡುತ್ತಾರೆ. ಅಲ್ಲಿ ಮನೆಮನೆಯಲ್ಲಿ ಕೋವಿ ಇಲ್ಲವೆ ಎನ್ನುತ್ತಾರೆ. ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದಿನಿಂದ ವಿನಾಯಿತಿ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ಕೋವಿ ಅಲ್ಲಿ ಏನು ಮಾಡುತ್ತದೆ ನೋಡಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣುಮಗುವಿಗೇಕೆ ಇಲ್ಲ ಎಂಬ ಜಗಳವನ್ನು ಇನ್ನೊಮ್ಮೆ ಆಡೋಣ.) ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಹೆಂಗಸರೂ ಹೊಡೆಯುತ್ತಾರೆ. ಅಜ್ಜನಿಂದ ಮೊಮ್ಮಗಳಿಗೆ ಬರುವಾಗ ಕೋವಿಯ ಜೊತೆಗೆ ಅದರ ಭಯಭಕ್ತಿಯೂ ಬರುತ್ತದೆ. ಹತ್ತು ದಿನದ ಶಿಬಿರದಲ್ಲಿ ಕೋವಿಯಷ್ಟೇ ಸಿಗುತ್ತದೆ, ಭಯಭಕ್ತಿ ಸಿಗುವುದಿಲ್ಲ.

ಎನ್.ಸಿ.ಸಿ.ಯಲ್ಲಿ ಹುಡುಗಿಯರಿಗೆ ರೈಫಲ್ ಕೊಡುವುದಿಲ್ಲವೆ ಎಂದೂ ಕೇಳುತ್ತಾರೆ. ನಾನು ಮಕ್ಕಳ ಜೊತೆ ಆ ಶಿಬಿರಗಳಿಗೆ ಹೋದವಳೇ. ಪಾಯಿಂಟ್ ಟೂಟೂ ರೈಫಲ್ಲು, ಇಪ್ಪತ್ತೈದು ಮೀಟರ್ ದೂರ, ನೆಲದ ಮೇಲೆ ಮಲಗಿ ಐದು ಗುಂಡು. ಆ ಐದು ಗುಂಡಿಗೆ ಎಷ್ಟು ಕಟ್ಟುಪಾಡು ಗೊತ್ತೆ? ಕೆಂಪು ಬಾವುಟ ಹಾರಬೇಕು, ಅಧಿಕಾರಿ ಹೇಳದೆ ಯಾರೂ ರೈಫಲ್ ಮುಟ್ಟಬಾರದು, ಹೊಡೆದಾದ ಮೇಲೆ ಖಾಲಿ ತೋರಿಸಬೇಕು, ಬಿದ್ದ ಖಾಲಿ ಕೊಪ್ಪರಿಗೆಯನ್ನೂ ಲೆಕ್ಕ ಹಾಕಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಹುಲ್ಲಿನಲ್ಲಿ ಎಲ್ಲರೂ ಹುಡುಕಬೇಕು. ಏಕತೆ ಮತ್ತು ಅನುಶಾಸನ ಎಂಬುದು ಅದರ ಧ್ಯೇಯವಾಕ್ಯ. ಅಲ್ಲಿ ಮಕ್ಕಳು ಕಲಿಯುವುದು ಗುಂಡು ಹಾರಿಸುವುದಕ್ಕಿಂತ ಹೆಚ್ಚಾಗಿ, ಹೇಳುವವರೆಗೆ ಹಾರಿಸದೆ ಇರುವುದನ್ನು. ಕರಪತ್ರದ ಶಿಬಿರಗಳಲ್ಲಿ ಇಂಥ ಲೆಕ್ಕ ಯಾರು ಇಡುತ್ತಾರೆ?

ಬರೀ ಏರ್‌ಗನ್ ಎಂದು ಹಗುರಾಗಿ ಮಾತಾಡುವವರಿಗೆ ಇನ್ನೊಂದು ಮಾತು. ಆ ಸೀಸದ ಚೂರು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕೋವಿ ಆಟದ ಸಾಮಾನು ಎಂದು ಒಮ್ಮೆ ಮನಸ್ಸಿಗೆ ಬಂದರೆ ಮಗುವಿಗೆ ಒಂದು ಕೋವಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿ, ಗುಂಡು ಹಾರಿ ಒಂದು ಪುಟ್ಟ ಮಗು ಸತ್ತುಹೋಯಿತು. ಅದು ಏರ್‌ಗನ್ ಅಲ್ಲ, ನಿಜವಾದ ಬಂದೂಕು. ಹಿಡಿದ ಹುಡುಗನಿಗೆ ಆ ಕ್ಷಣದಲ್ಲಿ ಅದು ಏನಾಗಿ ಕಂಡಿರಬಹುದು ಎಂದು ಯೋಚಿಸಿ. ನಮ್ಮ ಕಾನೂನು ಇಪ್ಪತ್ತೊಂದು ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ಕೊಡದಿರುವುದು ಸುಮ್ಮನೆ ಅಲ್ಲ.

ಹಾಗಾದರೆ ನಮ್ಮ ಹೆಣ್ಣುಮಕ್ಕಳು ಹೆದರಿಕೊಂಡೇ ಇರಬೇಕೆ? ಒನಕೆ ಓಬವ್ವ ಹುಟ್ಟಿದ ನಾಡಲ್ಲವೆ ಇದು? ಈ ಪ್ರಶ್ನೆಯನ್ನು ನಾನೂ ಗೌರವಿಸುತ್ತೇನೆ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿ ಆಚರಿಸುತ್ತಿದೆ. ನಮ್ಮ ಶಾಲೆಯಲ್ಲೂ ಮಕ್ಕಳು ಭಾಷಣ ಮಾಡುತ್ತಾರೆ. ಆದರೆ ಆ ಕಥೆಯನ್ನು ಸರಿಯಾಗಿ ಕೇಳಿ. ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ಅವಳಿಗೆ ಯಾರೂ ಒನಕೆ ಬೀಸುವ ತರಬೇತಿ ಕೊಟ್ಟಿರಲಿಲ್ಲ. ಅದು ಭತ್ತ ಕುಟ್ಟುವ ಒನಕೆ. ಕೋಟೆಯನ್ನು ಉಳಿಸಿದ್ದು ಅವಳ ಎಚ್ಚರ. ನೀರಿಗೆ ಹೋದವಳು ಸದ್ದು ಕೇಳಿಸಿಕೊಂಡಳು, ಅಪಾಯವನ್ನು ಗುರುತಿಸಿದಳು, ಒಬ್ಬೊಬ್ಬರೇ ನುಸುಳಬೇಕಾದ ಜಾಗ ಅದೆಂದು ಲೆಕ್ಕ ಹಾಕಿದಳು. ಕೈಗೆ ಸಿಕ್ಕಿದ್ದನ್ನು ಹಿಡಿದದ್ದು ಆಮೇಲೆ. ನಾವು ಮಕ್ಕಳಿಗೆ ಕೊಡಬೇಕಾದದ್ದು ಆ ಎಚ್ಚರವನ್ನು.

ಇನ್ನು ನಮ್ಮ ಮಕ್ಕಳ ಎದುರಿಗಿರುವ ಅಪಾಯ ಯಾವುದು? ಗೋಡೆ ಹಾರಿ ಬರುವ ಮುಸುಕುಧಾರಿಯಲ್ಲ. ಸರ್ಕಾರದ ಅಪರಾಧ ದಾಖಲೆಗಳೇ ವರ್ಷ ವರ್ಷವೂ ಹೇಳುತ್ತಿವೆ: ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ನೆಂಟ, ನೆರೆಯವ, ಪರಿಚಯದವ. ಅಂಥವನ ಎದುರು ರೈಫಲ್ ಹಿಡಿದು ನಿಲ್ಲುವುದು ಹೇಗೆ? ಅವನು ಚಹಾ ಕುಡಿಯಲು ಮನೆಗೇ ಬರುತ್ತಾನಲ್ಲ. ನಾನು ಹೇಳಿದ ಆ ಹುಡುಗಿಗೇ ಸಿಟಿ ಬಸ್ಸಿನಲ್ಲಿ ಒಬ್ಬ ಗಂಡಸು ದಿನವೂ ಕಾಟ ಕೊಡುತ್ತಿದ್ದ. ಎದೆಗೆ ಹೊಡೆಯಬೇಕು ಎಂದು ಕಲಿತು ಬಂದಿದ್ದ ಮಗು ಮೂರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಅವಳ ತಾಯಿಗೆ ಹೇಳಿದ ಮೇಲೆ ತಾಯಿ ಅದೇ ಬಸ್ಸು ಹತ್ತಿದರು, ಜೊತೆಗೆ ನಾನೂ ಹತ್ತಿದೆ. ಅವನು ಪಕ್ಕಕ್ಕೆ ಸರಿದು ಬಂದಾಗ ಆ ಹುಡುಗಿಯೇ “ಏಯ್, ದೂರ ನಿಲ್ಲು!” ಎಂದು ಬಸ್ಸೆಲ್ಲ ತಿರುಗಿ ನೋಡುವಂತೆ ಕೂಗಿದಳು. ಕಂಡಕ್ಟರು ಬಸ್ಸು ನಿಲ್ಲಿಸಿದರು. ಅವನು ಇಳಿದು ಓಡಿದವನು ಮತ್ತೆ ಆ ದಾರಿಯಲ್ಲಿ ಕಾಣಲಿಲ್ಲ. ಅವಳನ್ನು ಕಾಪಾಡಿದ್ದು ಆ ಕೂಗು, ಅದಕ್ಕೆ ಮೊದಲು ಅಮ್ಮನಿಗೆ ಹೇಳಿದ ಆ ಒಂದು ಮಾತು.

ಆತ್ಮರಕ್ಷಣೆ ಕಲಿಸುವುದಾದರೆ ಇದನ್ನು ಕಲಿಸೋಣ. ಕೂಗುವುದನ್ನು, ಬಿಡಿಸಿಕೊಂಡು ಓಡುವುದನ್ನು, ನಾಚಿಕೆ ಬಿಟ್ಟು ಹೇಳುವುದನ್ನು. ಶಾಲೆಗಳಲ್ಲಿ ಆರನೆಯ ತರಗತಿಯಿಂದ ಮೇಲಿನ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವ ಸರ್ಕಾರಿ ಯೋಜನೆ ಇದೆ. ರಾಣಿ ಲಕ್ಷ್ಮೀಬಾಯಿಯ ಹೆಸರಿನದು. ಮೂರು ತಿಂಗಳ ಕರಾಟೆಯಂಥ ತರಬೇತಿ. ನಿಮ್ಮ ಮಗಳ ಶಾಲೆಯಲ್ಲಿ ಅದು ನಡೆಯುತ್ತಿದೆಯೆ ಎಂದು ಕೇಳಿ, ನಡೆಯದಿದ್ದರೆ ಗಲಾಟೆ ಮಾಡಿ. 112 ಮತ್ತು 1098 ಎಂಬ ಎರಡು ಸಂಖ್ಯೆಗಳು ಮಗ್ಗಿಯ ಹಾಗೆ ಬಾಯಿಗೆ ಬರಲಿ. ಇವಕ್ಕೆ ಹಣ ಬೇಡ, ಕರಪತ್ರ ಬೇಡ. ಬಹುಶಃ ಅದಕ್ಕೇ ಇವನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಶೂಟಿಂಗ್ ಕಲಿಸುವುದಾದರೆ ಅದನ್ನೂ ನೆಟ್ಟಗೆ ಕಲಿಸೋಣ. ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಹೇಳಿಕೊಡುವವರು ರಾಜ್ಯದ ರೈಫಲ್ ಸಂಸ್ಥೆಗೆ ಸೇರಿದ ಕ್ಲಬ್ಬಿನವರೆ? ಹಲಗೆಯ ಮೇಲೆ ಇರುವುದು ದುಂಡು ವೃತ್ತವೋ ಮನುಷ್ಯನೋ? ಮಗು ಕೋವಿ ಮುಟ್ಟುವ ಮೊದಲು ಅದನ್ನು ಕೆಳಗಿಡುವುದು ಹೇಗೆಂದು ಕಲಿಸುತ್ತಾರೆಯೆ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಧಾರಾಳವಾಗಿ ಕಳಿಸಿ. ಒಂದಕ್ಕೆ ತಡವರಿಸಿದರೂ ಮಗುವಿನ ಕೈ ಹಿಡಿದು ವಾಪಸು ಬನ್ನಿ. ಶಾಲೆಯ ಆಡಳಿತ ಮಂಡಳಿಯವರಿಗೂ ಒಂದು ಮಾತು: ಬಾಡಿಗೆಯ ಆಸೆಗೋ ದಾಕ್ಷಿಣ್ಯಕ್ಕೋ ರಜೆಯಲ್ಲಿ ಶಾಲೆಯ ಅಂಗಳವನ್ನು ಇಂಥ ಶಿಬಿರಗಳಿಗೆ ಕೊಡಬೇಡಿ. ಶಿಕ್ಷಣ ಇಲಾಖೆ ಇದನ್ನು ಲಿಖಿತ ಆದೇಶವನ್ನಾಗಿಯೇ ಮಾಡಬೇಕು.

ಹತ್ತು ಮೀಟರ್ ದೂರದ ಗಸಗಸೆಯಷ್ಟು ಚುಕ್ಕೆಯನ್ನು ನೋಡುತ್ತ ಉಸಿರು ತಡೆದು ನಿಂತ ಹುಡುಗಿಗೆ ಯಾರ ಮೇಲೂ ದ್ವೇಷವಿರುವುದಿಲ್ಲ. ಅವಳು ಗೆಲ್ಲಬೇಕಾದದ್ದು ತನ್ನ ಕೈಯ ನಡುಕವನ್ನು ಮಾತ್ರ. ಅಂಥ ಆಟದ ನಡುವೆ ಒಬ್ಬ ವೈರಿಯನ್ನು ತಂದು ನಿಲ್ಲಿಸುವವರು ಆ ಹುಡುಗಿಗೂ ಆ ಆಟಕ್ಕೂ ಒಟ್ಟಿಗೇ ದ್ರೋಹ ಮಾಡುತ್ತಾರೆ. ಅವರಿಗೆ ಫೀಸು ಕಟ್ಟುವವರು ನಾವೇ ಆಗಬಾರದು.